ಎಂಜಿನ್ನಿನ ಜ್ವರ

"ಕಾರಿನ ಎಂಜಿನ್ ಕಾರಲ್ಲಿರಬೇಕು," ಎಂದರು ತಪಾಸಣೆಗೆ ಬಂದ ಅಧಿಕಾರಿ, ಶೆಡ್ಡಿನ ಬಾಗಿಲಲ್ಲೇ ನಿಂತು. ಒಳಗೆ, ಮನೆಯಲ್ಲೇ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನ ಕಾರಿನ ಎಂಜಿನ್ ಹೊತ್ತು ನಿಂತಿತ್ತು. ಆ ಎಂಜಿನ್ನು ಮೊದಲಿದ್ದ ಕಾರು ಹಲ್ಲು ಕೀಳಿಸಿಕೊಂಡ ಮುದುಕನ ಹಾಗೆ ಅಂಗಳದಲ್ಲಿ ಬಾಯಿ ತೆರೆದು ಕೂತಿತ್ತು. ಅಧಿಕಾರಿಗೆ ಇಲಾಖೆಯಲ್ಲಿ 'ಕೆಂಪು ಇಂಕು' ಎಂದೇ ಹೆಸರು. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಕಲ್ಲು ಸಿಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಇವತ್ತಿನ ಕಲ್ಲು ಅವರ ಜೇಬಿನಲ್ಲೇ ಇತ್ತು. ನಮ್ಮ ಎಂಜಿನ್ ರಸ್ತೆಗೆ ಮಾತ್ರ, ಆಕಾಶಕ್ಕೆ ಹೋದರೆ ನಾವು ಹೊಣೆಯಲ್ಲ ಎಂದು ಕಾರಿನ ಕಂಪನಿ ಬರೆದುಕೊಟ್ಟ ಪತ್ರ. ಎಂಟು ವರ್ಷ ಬೆವರು ಸುರಿಸಿ ವಿಮಾನ ಕಟ್ಟಿದ ಮೆಕ್ಯಾನಿಕ್ ಪತ್ರ ಓದಿ, ಹೊಣೆ ತಾನೇ ಹೊರುತ್ತೇನೆ, ಕಟ್ಟಿದ್ದೂ ತಾನೇ, ಹಾರಿಸುವುದೂ ತಾನೇ ಎಂದರು.

"ಅದೇ ತೊಂದರೆ," ಎಂದರು ಅಧಿಕಾರಿ. "ನೀವೇ ಬಿದ್ರೆ ನಾವು ಯಾರನ್ನ ಕೇಳೋದು? ಉತ್ತರ ಹೇಳೋಕೆ ಕೆಳಗೆ ಒಬ್ರು ಇರಬೇಕು."

ಕಾನೂನು ಹೇಳುವುದೂ ಅದನ್ನೇ. ತಯಾರಿಸಿದವರು ಕೈ ತೊಳೆದುಕೊಂಡರೆ, ಆ ಎಂಜಿನ್ನು ನೆಲದ ಮೇಲೆ ಇನ್ನೂರು ಗಂಟೆ ಓಡಿದ್ದನ್ನು ಕಣ್ಣಾರೆ ಕಂಡ ಬೇರೊಬ್ಬರು ಸಹಿ ಹಾಕಬೇಕು. ವಿಮಾನ ಬಿದ್ದರೆ ಸಹಿ ಹಾಕಿದವರಿಗೆ ಜೈಲು. ಅಂಥ ಸಹಿಯನ್ನು ಅಧಿಕಾರಿ ಮೂವತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅಷ್ಟರಲ್ಲಿ ಮೆಕ್ಯಾನಿಕ್ಕಿನ ಹೆಂಡತಿ ಅವರಿಗೆ ಕುರ್ಚಿ ಹಾಕಿ ಕೂರಿಸಿ, ಮೂರು ದಪ್ಪ ನೋಟ್ ಪುಸ್ತಕ ತಂದು ಮುಂದಿಟ್ಟರು.

ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಪುಸ್ತಕದ ತುಂಬ ವಾರ್ಡಿನ ರೋಗಿಗೆ ಬರೆಯುವಂಥ ಪಟ್ಟಿ. ನೀರಿನ ಬಿಸಿಗೆ 'ಜ್ವರ', ಸುತ್ತುವ ವೇಗಕ್ಕೆ 'ನಾಡಿ', ಆಯಿಲ್ ಒತ್ತಡಕ್ಕೆ 'ಬಿ.ಪಿ.' ಅಧಿಕಾರಿಗೆ ನಗು ಬಂತು. ಹಾಳೆ ಮಗುಚಿದಂತೆ ನಗು ಎಲ್ಲಿ ಹೋಯಿತೋ. ಎಂಜಿನ್ನನ್ನು ಶೆಡ್ಡಿನ ಹಿಂದೆ ಕಬ್ಬಿಣದ ಕಂಬಕ್ಕೆ ಬಿಗಿದು, ವಾರಕ್ಕೆರಡು ಸಂಜೆ ಒಂದೊಂದು ಗಂಟೆ ಓಡಿಸಿ, ಎರಡು ವರ್ಷ, ಕಾಲು ಕಾಲು ಗಂಟೆಗೂ ಆಕೆ ಬರೆದಿಟ್ಟಿದ್ದರು. ನಡುವೆ ಒಂದು ಕಡೆ ಮಾತ್ರ ಪಟ್ಟಿಯ ಮನೆಗಳೆಲ್ಲ ಖಾಲಿ, ಪಕ್ಕದಲ್ಲಿ ಒಂದು ಸಾಲು: 'ಹಾಲು ಉಕ್ಕಿತು, ಒಳಗೆ ಹೋಗಿದ್ದೆ. ಈ ಕಾಲು ಗಂಟೆ ಲೆಕ್ಕಕ್ಕಿಲ್ಲ.'

"ಹಿಂದೆ ಜ್ವರ ತೊಂಬತ್ತಿದೆ, ಮುಂದೆ ತೊಂಬತ್ತಿದೆ," ಎಂದರು ಅಧಿಕಾರಿ. " ನಡುವೆಯೂ ತೊಂಬತ್ತು ಅಂತ ಬರೆದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಾನು ನೋಡಿಲ್ವಲ್ಲ ಸಾರ್," ಎಂದರು ಆಕೆ. "ರೋಗಿ ಹೋಗೋದು ನಾವು ನೋಡದೆ ಇದ್ದ ಕಾಲು ಗಂಟೇಲೇ."

ಅಧಿಕಾರಿ ಕೂಡಿಸಿ ನೋಡಿದರು. ಆ ಕಾಲು ಗಂಟೆ ಬಿಟ್ಟೂ ಸರಿಯಾಗಿ ಇನ್ನೂರು. ಜೀವಮಾನವೆಲ್ಲ ಬೇರೆಯವರು ಮುಚ್ಚಿಟ್ಟ ತಪ್ಪು ಹುಡುಕಿದವರು ಅವರು. ಇಲ್ಲಿ ಹುಡುಕಲು ಇದ್ದ ಒಂದೇ ತಪ್ಪನ್ನು ಆಕೆ ತಾನೇ ಬರೆದು ಮುಂದಿಟ್ಟಿದ್ದರು. ಅಧಿಕಾರಿ ತಮಗೇ ಗೊತ್ತಿಲ್ಲದೆ ಕುರ್ಚಿಯಿಂದ ಎದ್ದು ನಿಂತು, ಉಳಿದ ಪುಟಗಳನ್ನು ನಿಂತೇ ಓದಿದರು. ಆಮೇಲೆ ಹೊಣೆಯ ಕಾಗದವನ್ನು ಆಕೆಯ ಕೈಗೆ ಕೊಟ್ಟರು.

ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇವರು ಬಿದ್ರೆ ನಾನು ಜೈಲಿಗೆ?"

"ಹೌದು."

"ಹಾಗಾದ್ರೆ ಇನ್ನೊಂದ್ಸಲ ಓದ್ತೀನಿ."

ಮೆಕ್ಯಾನಿಕ್ಕಿನ ಮುಖ ಬಿಳಿಚಿಕೊಂಡಿತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ತನ್ನನ್ನು ಇಷ್ಟು ನಿಧಾನವಾಗಿ ಓದಿದ್ದು ಇದೇ ಮೊದಲು. ಎರಡನೆಯ ಸಲ ಓದಿ ಮುಗಿಸಿ ಆಕೆ ಪೆನ್ನು ಕೇಳಿದರು.

ಮುಂದಿನ ವಾರ ಬೆಳಿಗ್ಗೆ ಮೊದಲ ಹಾರಾಟ. ಮೆಕ್ಯಾನಿಕ್ ಒಬ್ಬರೇ ಹೋಗಬೇಕು, ಬಯಲಿನ ಸುತ್ತ ಕಾಲು ಗಂಟೆ. ಪ್ರತಿ ಐದು ನಿಮಿಷಕ್ಕೆ ಅವರು ರೇಡಿಯೊದಲ್ಲಿ ಅಂಕಿ ಹೇಳಬೇಕು, ಕೆಳಗೆ ಹೆಂಡತಿ ಬರೆದುಕೊಳ್ಳಬೇಕು. ಅಧಿಕಾರಿ ಬರಲೇಬೇಕೆಂದು ಯಾವ ನಿಯಮವೂ ಇರಲಿಲ್ಲ; ಆದರೂ ಬಂದಿದ್ದರು. ಸಾವಿರಾರು ವಿಮಾನ ಏರುವುದನ್ನು ಕಂಡಿದ್ದ ಅವರು, ಅಲ್ಲಾಡುತ್ತಾ ಓಡಿದ ಆ ಪುಟ್ಟ ವಿಮಾನದ ಚಕ್ರ ನೆಲ ಬಿಟ್ಟಾಗ ಉಸಿರು ಬಿಗಿಹಿಡಿದರು. ತರಕಾರಿ ತರಲು ಪೇಟೆಗೆ ಹೋಗುತ್ತಿದ್ದ ಎಂಜಿನ್ನು, ಸಿಗ್ನಲ್ಲಿನಲ್ಲಿ ಕೆಮ್ಮುತ್ತಾ ನಿಲ್ಲುತ್ತಿದ್ದ ಎಂಜಿನ್ನು, ಮರಗಳ ಮೇಲೆ, ತಂತಿಗಳ ಮೇಲೆ, ಹಕ್ಕಿಗಳಿಗೂ ಮೇಲೆ ಹೋಗಿ ಬಿಸಿಲಲ್ಲಿ ಹೊಳೆಯಿತು. ಇಷ್ಟು ಚಂದದ್ದನ್ನು ತಡೆಯಲು ಬಂದಿದ್ದೆನಲ್ಲ ಎಂದುಕೊಂಡರು ಅವರು. ರೇಡಿಯೊ, "ಜ್ವರ ತೊಂಬತ್ತೊಂದು," ಎಂದಿತು. ಮತ್ತೆರಡು ಸಲವೂ ಅದನ್ನೇ ಅಂದಿತು.

ವಿಮಾನ ಇಳಿದು ನಿಂತ ಮೇಲೆ ಅಧಿಕಾರಿ ತಿರುಗಿ ನೋಡಿದರು. ಆಕೆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ತೊಡೆಯ ಮೇಲಿನ ಪುಸ್ತಕದಲ್ಲಿ ಮೂರು ಮನೆಗಳೂ ಖಾಲಿ.

"ಮೂರು ಸಲವೂ ತೊಂಬತ್ತೊಂದೇ ಸಿಸ್ಟರ್. ನಾನು ಕೇಳಿಸಿಕೊಂಡೆ, ಬರ್ಕೊಳ್ಳಿ."

ಆಕೆ ಬೇಡವೆಂದು ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ಒಂದು ಸಾಲು ಬರೆದರು: 'ಆಕಾಶ ನೋಡುತ್ತಾ ಕೂತಿದ್ದೆ. ಈ ಕಾಲು ಗಂಟೆ ಲೆಕ್ಕಕ್ಕಿಲ್ಲ.'