ಜಗಲಿ ಮೇಲಿನ ಇಪ್ಪತ್ತೆಂಟು ಡಬ್ಬ

"ಅತ್ತಡಿ ದೂರ ನಿಂತ್ಕಳಿ! ಮುಟ್ಟಿದ್ರೆ ಸುಟ್ಟು ಕರಕಲಾಗೋಯ್ತೀರ!"

ನಂಜುಂಡಸ್ವಾಮಿ ಕೂಗಿದ ರಭಸಕ್ಕೆ ಜಗಲಿ ಮೇಲಿದ್ದ ಕೋಳಿ ಹಾರಿ ಅಂಗಳಕ್ಕೆ ಬಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅವನ ಕಾಲ ಕೆಳಗೆ ಅಡುಗೆಮನೆಯ ಮಣೆ. ಕೈಗೆ ಗೊಬ್ಬರ ಎರಚುವ ರಬ್ಬರ್ ಗ್ಲೌಸು. ಸುಡುಬಿಸಿಲಲ್ಲೂ ಮೈಮೇಲೆ ರೈನ್‌ಕೋಟು. ಎದುರಿಗೆ ಹೈಬ್ರಿಡ್ ಕಾರಿನ ಬ್ಯಾಟರಿ ಹೊಟ್ಟೆ ಬಗೆಸಿಕೊಂಡು ಮಲಗಿತ್ತು. ಅದರ ಕರುಳಿನಂತೆ ಇಪ್ಪತ್ತೆಂಟು ಕಪ್ಪು ಡಬ್ಬಗಳು ಸಾಲಾಗಿ ಕೂತಿದ್ದವು.

ಪೆಟ್ರೋಲಿಗೂ ಕರೆಂಟಿಗೂ ಓಡುವ ಕಾರನ್ನು ಅಂತರಸಂತೆಗೆ ಮೊದಲು ತಂದವನು ಅವನೇ. ಸೆಕೆಂಡ್‌ಹ್ಯಾಂಡು. ಮೂರು ತಿಂಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ನೆಂಟರ ಮನೆಗಳಿಗೆಲ್ಲ ಮೆರವಣಿಗೆ ಹೋಗಿ ಬಂತು. ಆಮೇಲೆ ಕೆಂಪು ದೀಪ ಹಚ್ಚಿಕೊಂಡು ನಿಂತಿತು. ಮೈಸೂರಿನವರು ಹೊಸ ಬ್ಯಾಟರಿ ಹಾಕಿಸಿ ಎಂದರು.

"ಪಂಪ್‌ಸೆಟ್ ಬಿಚ್ಚಿದ ಕೈ ಕಣ್ರೀ ಇದು," ಎಂದ ನಂಜುಂಡಸ್ವಾಮಿ. ಮೊಬೈಲಿನಲ್ಲಿ ಒಬ್ಬ ಮಲಯಾಳಿ ಮೆಕ್ಯಾನಿಕ್ ಗುರುವಾಗಿ ಸಿಕ್ಕಿದ. ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ ಧೈರ್ಯ.

ಸುಮ್ಮನೆ ಹಟವಲ್ಲ ಅದು. ಹೆಂಡತಿ ಪುಟ್ಟತಾಯಮ್ಮನ ಬಲಗಣ್ಣಿನ ಪೊರೆ ಬಲಿತು ಕೂತಿತ್ತು. ಎಡಗಣ್ಣು ಮೊದಲೇ ಮಸುಕು. ತಡಮಾಡಿದರೆ ಕಷ್ಟ ಎಂದು ಡಾಕ್ಟರು ಆಪರೇಷನ್ನಿಗೆ ತಾರೀಕು ಕೊಟ್ಟಿದ್ದರು.

"ಬಸ್ಸಲ್ಲಿ ಹೋಗ್ಲಿ ಬುಡಪ್ಪ," ಎಂದಿದ್ದ ಪಕ್ಕದ ಮನೆಯ ಕಂಠಪ್ಪ.

"ನನ್ನೆಂಡ್ರು ಫ್ರೀ ಬಸ್ಸಲ್ಲಿ ಕಂಬ ತಬ್ಕೊಂಡು ಓಗೋದಾ? ಕಾರಿಟ್ಕಂಡು? ಊರೋರು ಏನಂದಾರ್ಲಾ? ನಾನೇ ಕರ್ಕಂಡೋಯ್ತೀನಿ. ಈ ಕಾರಲ್ಲೇ!"

ತಾರೀಕು ಬಂತು. ಡಬ್ಬಗಳಿಗೆ ಚಾರ್ಜು ಏರಿರಲಿಲ್ಲ.

"ಆಸ್ಪತ್ರೆಗೆ ಫೋನ್ ಮಾಡಿ ಮುಂದುಕ್ಕಾಕ್ಸು," ಎಂದು ಮಗಳು ಸೌಂದರ್ಯಳಿಗೆ ಹೇಳಿದ.

"ಹೂಂ ಅಪ್ಪ."

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹುಡುಗಿ. ಮಾತು ಕಮ್ಮಿ. ಅಪ್ಪ ಕೂಗಿದ ವೋಲ್ಟೇಜನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆಯುವುದು ಅವಳ ಕೆಲಸ. ಮುಂದಿನ ವಾರವೂ ಮುಂದಕ್ಕೆ ಹಾಕಿಸು ಎಂದ. ಅದರಾಚೆಯ ವಾರವೂ ಎಂದ. ಪ್ರತಿಸಲವೂ ಹೂಂ ಅಪ್ಪ.

ಮೊದಲ ದಿನದಿಂದಲೇ ಅವನು ಊಟ, ನಿದ್ದೆ ಎಲ್ಲವನ್ನೂ ಜಗಲಿಗೇ ತಂದುಕೊಂಡಿದ್ದ. ಬ್ಯಾಟರಿಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಮುಚ್ಚಳ ಬಿಚ್ಚಿದ ವಾರವೇ ಒಂದು ದಿನ ಕಂಠಪ್ಪ ಮುದ್ದೆ, ಹುರುಳಿಸಾರಿನ ತಟ್ಟೆ ತಂದಿಟ್ಟ. ನಂಜುಂಡಸ್ವಾಮಿ ಮೀಟರಿನಿಂದ ಕಣ್ಣು ಕೀಳದೆ ಉಂಡು, ಒಳಗೆ ಕೇಳುವಂತೆ ಕೂಗಿದ:

"ಇವತ್ತು ಉಪ್ಪು, ಉಳಿ ಸರ್ಯಾಗದೆ ಕಣೇ! ಇಂಗೇ ಮಾಡು!"

ಒಳಗಿನಿಂದ ಉತ್ತರ ಬರಲಿಲ್ಲ. ಅವನಿಗೂ ಬೇಕಿರಲಿಲ್ಲ. ಕಂಠಪ್ಪ ಮಾತ್ರ ಯಾಕೋ ಕೆಮ್ಮಿದ.

ಅಲ್ಲಿಂದ ಮುಂದೆ ಸೌಂದರ್ಯಳ ಮೊಬೈಲು ದಿನಕ್ಕೆ ನಾಲ್ಕು ಸಲ ಪೀಪಿ ಊದತೊಡಗಿತು. ಊದಿದೊಡನೆ ಅವಳು ಪೆನ್ಸಿಲ್ ಬಿಸಾಡಿ, ಪುಟ್ಟ ಸೀಸೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಓಡುತ್ತಿದ್ದಳು.

"ಆ ಸುಡುಗಾಡು ಆಫ್ ಮಾಡೇ! ರೀಡಿಂಗ್ ತಪ್ಪೋಯ್ತು!"

ಇಪ್ಪತ್ತೆಂಟರಲ್ಲಿ ನಾಲ್ಕು ಡಬ್ಬ ಸತ್ತಿದ್ದವು. ಬದಲಿ ತರಿಸಿ ಹಾಕಿದ. ಆದರೂ ಕೆಂಪು ದೀಪ ಹೋಗಲೊಲ್ಲದು. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಗುರುವನ್ನು ಕನ್ನಡದಲ್ಲೇ ಬೈದ.

ಒಂದು ಮಧ್ಯಾಹ್ನ ಕಿಟಕಿಯ ಒಳಗಿನಿಂದ ಪುಟ್ಟತಾಯಮ್ಮ ಹೇಳಿದಳು: "ಆ ಕಡೇ ಡಬ್ಬದ ತಾಮ್ರದ ಪಟ್ಟಿ ಕಿಲುಬು ಹಿಡ್ದದೆ, ನೋಡ್ರೀ."

ಅವನು ತಿರುಗದೆಯೇ ನಕ್ಕ. "ಎದುರ್ಗಿರೋ ಎಮ್ಮೆ ಕಾಣ್ದೋಳು ಕಿಲುಬು ಕಂಡ್ಳಂತೆ! ಬಿಂದಿಗೆ ತಿಕ್ಕೋ ಬುದ್ಧಿ. ತಾಮ್ರ ಅಂದ್ರೆ ಕಿಲುಬು. ಓಗ್, ಓಗ್."

ಅವಳು ಕಿಟಕಿ ಬಿಟ್ಟು ಸರಿದ ಮೇಲೆ ಮೆಲ್ಲಗೆ ಬಗ್ಗಿ ನೋಡಿದ. ಪಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು.

"ಸೌಂದರ್ಯ, ಚೂರು ಉಣಸೆಣ್ಣು ತತ್ತಾ."

"ಯಾಕಪ್ಪ?"

"ಕೇಳ್ಬೇಡ."

ಮರುದಿನ ಬೆಳಿಗ್ಗೆ ಕೆಂಪು ದೀಪ ಆರಿತು. ಕಾರು ಸದ್ದಿಲ್ಲದೆ ಅಂಗಳದಲ್ಲಿ ಒಂದು ಸುತ್ತು ಬಂತು.

"ಇಷ್ಟು ದಿನ ನೀನೊಬ್ನೇ ಕಣ್ಲಾ ಸದ್ದು ಮಾಡಿದ್ದು," ಎಂದ ಕಂಠಪ್ಪ.

ನಂಜುಂಡಸ್ವಾಮಿ ಬಾನೆಟ್ಟಿಗೆ ಕುಂಕುಮ ಹಚ್ಚಿದ. ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ. ರೈನ್‌ಕೋಟನ್ನು ಎರಡು ತಿಂಗಳ ಮೇಲೆ ಬಿಚ್ಚಿದ. ಎಡಬಾಗಿಲು ತೆರೆದು, ಊರಿಗೆಲ್ಲ ಕೇಳುವಂತೆ ಹಾರನ್ ಬಾರಿಸಿದ.

"ಬಾರೇ ಪುಟ್ಟತಾಯಿ! ಏಳಿರ್ನಿಲ್ವಾ ಕಾರಲ್ಲೇ ಅಂತ? ಇವತ್ತು ನಿನ್ ಕಣ್ಣು ಮಾಡ್ಸೇ ಬುಡ್ತೀನಿ!"

ಪುಟ್ಟತಾಯಮ್ಮ ಒಳ್ಳೆಯ ಸೀರೆಯುಟ್ಟು, ಚೀಲ ಹಿಡಿದು, ಮಗಳ ಕೈ ಹಿಡಿಯದೆ ಮೆಟ್ಟಿಲಿಳಿದಳು. ಕಾರಿನ ತೆರೆದ ಬಾಗಿಲನ್ನು ದಾಟಿ ಮುಂದೆ ಹೋಗಿ, ರಸ್ತೆಯ ತುದಿಯಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಓದಿದಳು.

"ನೀವು ಅದರ ಮುಚ್ಚಳ ಬಿಚ್ಚಿದ್ ವಾರ್ದಲ್ಲೇ ಆಪರೇಷನ್ ಆಯ್ತು ಕಣ್ರೀ, ಇವತ್ತು ಕನ್ನಡಕ ತರೋದಷ್ಟೇ, ಬತ್ತೀನಿ."