ಮಂಚದ ನಾಲ್ಕನೆಯ ಕಾಲು

ಉಳಿ ತಾಗಿಸಿದ್ದೇ ತಡ, ಹಲಸಿನ ಮರದ ತುಂಡು ಲೇತ್‌ನಿಂದ ಧಡ್ ಎಂದು ಹಾರಿ ಪರಮಶಿವಯ್ಯನವರ ಟೀ ಲೋಟಕ್ಕೆ ಬಡಿಯಿತು. ಧನಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪು ಮಾಡಿದ ಕೈಗಳು ಐದು ಭಾನುವಾರದಿಂದ ಹೊಳೆನರಸೀಪುರದ ಈ ಅಂಗಡಿಯಲ್ಲಿ ಮರ ಕಡೆಯಲು ಕಲಿಯುತ್ತಿದ್ದವು. ಕಲಿಯುತ್ತಿದ್ದವು ಅನ್ನುವುದು ಸ್ವಲ್ಪ ದೊಡ್ಡ ಮಾತೇ.

"ಎಷ್ಟು ಸಲ ಯೋಳ್ಲಿ ಮೇಡಂ? ಉಳಿ ಬಾಯಿ ಮೊದ್ಲು ಕೊಡಬ್ಯಾಡಿ. ಉಳಿ ಬೆನ್ನು ಮರದ ಮ್ಯಾಲೆ ಸವರ್ಲಿ, ಆಮ್ಯಾಕೆ ಹಿಡಿ ಎತ್ತಿ. ತಾನಾಗೇ ಕಡೀತದೆ" ಎಂದರು ಅಂಗಡಿಯ ಯಜಮಾನ ಪರಮಶಿವಯ್ಯ, ಚೆಲ್ಲಿದ ಟೀ ಒರೆಸುತ್ತಾ.

ಅವಳೇ ಕಡೆಯಬೇಕೆಂಬ ಹಟ ಅವಳದಲ್ಲ, ತಾಯಿಯದು. ಮಲ್ಲಿಪಟ್ಟಣದಿಂದ ತಾಯಿಯ ಸಾಮಾನು ತನ್ನ ಮನೆಗೆ ತರುವಾಗ ಟೆಂಪೋದಿಂದ ಬಿದ್ದು ಮಂಚದ ಒಂದು ಕಾಲು ಮುರಿದಿತ್ತು. ತೀರಿಹೋದ ಅಪ್ಪ ಪಾಪಯ್ಯ ಕೈಯಾರೆ ಕಡೆದ ಮಂಚ ಅದು. "ಕಂಡೋರು ಮಾಡಿದ್ ಕಾಲಿನ ಮ್ಯಾಲೆ ನಾ ಮನಿಕ್ಕಳಾಕಿಲ್ಲ" ಎಂದು ಎಂಬತ್ತರ ಮಾಯಮ್ಮ ನೆಲಕ್ಕೆ ಚಾಪೆ ಹಾಸಿಬಿಟ್ಟಳು. ಬೆಳಗ್ಗೆ ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ತಾಯಿ ಮಗಳಿಬ್ಬರಿಗೂ ಅಳು ಬರುತ್ತಿತ್ತು.

ಒಂಬತ್ತನೆಯ ಭಾನುವಾರ ಉಳಿ ತಾನಾಗೇ ಕಡೆಯಿತು. ಚೌಕದ ಮೂಲೆಗಳು ಬೆಲ್ಲದಚ್ಚಿನಂತೆ ಕರಗಿದವು. ಹಳದಿ ಸುರುಳಿಗಳು ಮೊಣಕೈ ಮೇಲೆ, ಮಡಿಲ ಮೇಲೆ ಉದುರುತ್ತಲೇ ಹೋದವು. ಮರದಲ್ಲಿ ದುಂಡನೆಯ ಉಬ್ಬುಗಳೆದ್ದವು, ಒಂದು ಮಣಿ, ಎರಡು ಮಣಿ; ಎಲ್ಲಿಂದ ಬರುತ್ತಿವೆಯೋ, ಯಾರು ಕಡೆಯುತ್ತಿದ್ದಾರೋ ಅವಳಿಗೇ ತಿಳಿಯಲಿಲ್ಲ. ಮಾದರಿಗೆ ತಂದಿದ್ದ ಹಳೆಯ ಕಾಲಿನ ಮೂರನೆಯ ಮಣಿಯಲ್ಲೊಂದು ಗುಳಿ ಇತ್ತು. ಅಪ್ಪನ ಕೈ ತಪ್ಪಿರಬೇಕು ಅಂದುಕೊಂಡು ಆ ಗುಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಗೆಯೇ ಕಡೆದು ನುಣ್ಣಗೆ ಮುಗಿಸಿದಳು. ಅಬ್ಬಾ, ಎಷ್ಟು ಖುಷಿಯಾಗಿತ್ತು ಅವಳಿಗೆ!

ಮನೆಯಲ್ಲಿ ಮಾಯಮ್ಮ ಹೊಸ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉದ್ದಕ್ಕೂ ಸವರಿದಳು.

"ಚೆಂದಾಗದೆ. ಆದ್ರೆ ಇದ್ರಲ್ಲಿ ನಾನಿಲ್ಲ ಕಣವ್ವ."

"ನೀನಾ?"

"ಆಗ ಕರೆಂಟೆಲ್ಲಿತ್ತು? ಮರಕ್ಕೆ ಅಗ್ಗ ಸುತ್ತಿ ನಾನು ಎಳೀತಿದ್ದೆ, ನಿಮ್ಮಪ್ಪ ಕಡೆಯೋನು. ವೊಸದಾಗಿ ಮದ್ವೆ ಆಗಿದ್ದು. ಅವನ ಮಖ ನೋಡ್ತಾ ನೋಡ್ತಾ ಎಳೆಯೋದೇ ಮರ್ತೋಗೋದು. ಮರ ನಿಂತೋಗೋದು, ಉಳಿ ಅಲ್ಲೇ ಊರ್ಕಳೋದು. ಕಾಲಿಗೊಂದೊಂದು ಗುಳಿ ಬಿದ್ದದೆ, ನೋಡು."

"ಅಪ್ಪ ಬಯ್ತಿರಲಿಲ್ವಾ?"

"ಬಾಯಲ್ಲಿ ಬಯ್ಯೋನು. ಉಳಿ ಮಾತ್ರ ಎತ್ತುತಿರ್ಲಿಲ್ಲ" ಎಂದು ಮಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮುಂದಿನ ಭಾನುವಾರ ಆಟೋದಲ್ಲಿ ತಾಯಿಯೂ ಬಂದಳು. ಪರಮಶಿವಯ್ಯ ಅವರ ಕತೆ ಕೇಳಿ ಮೋಟಾರಿನ ಬೆಲ್ಟು ಕಳಚಿ, ಹೊಸ ತುಂಡಿಗೆ ಹಗ್ಗ ಎರಡು ಸುತ್ತು ಸುತ್ತಿಕೊಟ್ಟರು. ಮಾಯಮ್ಮ ಕುರ್ಚಿಯಲ್ಲಿ ಕೂತು ಒಂದು ತುದಿ ಎಳೆದಳು, ಆಮೇಲೆ ಇನ್ನೊಂದು. ಮರ ಮುಂದಕ್ಕೆ ತಿರುಗಿದಾಗ ಧನಲಕ್ಷ್ಮಿ ಕಡೆಯುವಳು, ಹಿಂದಕ್ಕೆ ತಿರುಗಿದಾಗ ಉಳಿ ಎತ್ತುವಳು. ಜೋಲಿ ತೂಗಿದ ಹಾಗಿತ್ತು. ಬೀದಿಯ ಬಸ್ಸುಗಳ ಸದ್ದು ಎಲ್ಲೋ ದೂರ ಹೋಯಿತು.

ಮೂರನೆಯ ಮಣಿಗೆ ಬಂದಾಗ ಹಗ್ಗ ನಿಂತಿತು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದಳು. ಮಗಳನ್ನೋ, ಮಗಳಲ್ಲಿರುವ ಅಪ್ಪನನ್ನೋ.

"ಎಳಿಯವ್ವಾ, ಏನಂಗ್ ನೋಡ್ತಾ ಕುಂತ್ಕಂಡೆ?" ಎಂದು ಧನಲಕ್ಷ್ಮಿ ಗದರಿದಳು.

ಉಳಿ ಮಾತ್ರ ಎತ್ತಲಿಲ್ಲ.