ಎರಡು ಲಿಂಕ್ ರಾಡ್

ಹಂಪ್ ಹತ್ತಿದಾಗಲೆಲ್ಲ ಪ್ರಹ್ಲಾದನ ಕಾರಿನ ಮುಂದಿನ ಚಕ್ರಗಳ ಹತ್ತಿರ ಲಟಲಟ ಸದ್ದು. ಚಕ್ರದ ಹಿಂದಿರುವ ಲಿಂಕ್ ರಾಡ್ ಎಂಬ ಸಣ್ಣ ಸರಳು ಸವೆದಿತ್ತು.

"ನಮ್ಮಣ್ಣನ ಗ್ಯಾರೇಜಿಗೆ ಬಿಡ್ರೀ," ಎಂದಳು ಹೆಂಡತಿ.

ಅದಕ್ಕಿಂತ ನಡೆದೇ ಓಡಾಡುವುದು ವಾಸಿ. ಮದುವೆಯ ದಿನ ಪಂಚೆ ಉಡಲು ಬಾರದ ಪ್ರಹ್ಲಾದನನ್ನು ನೋಡಿ ನಕ್ಕವರಲ್ಲಿ ಆ ಭಾವನೇ ಮೊದಲಿಗ. "ನಾನೇ ಹಾಕ್ತೀನಿ. ಸಂಜೆ ನಿಮ್ಮಣ್ಣನ್ನೇ ಕೂರಿಸಿ ಒಂದು ರೌಂಡ್ ಹೊಡೆಸ್ತೀನಿ, ಬರಹೇಳು."

ನಾಲ್ಕು ವಿಡಿಯೊ ನೋಡಿ, ಎರಡು ಹೊಸ ರಾಡ್ ತರಿಸಿ, ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದ. ರಕ್ಕಸನ ಪ್ರಾಣವಿರುವ ಗಿಣಿಯನ್ನು ಹುಡುಕಿ ಹೊರಟ ರಾಜಕುಮಾರನಿಗೂ ಅಷ್ಟು ಬಿಗುಮಾನ ಇದ್ದಿರಲಾರದು. ಬೂದು ಹೊದಿಕೆ ಹೊದ್ದ ಕಾರುಗಳ ಸಾಲಿನಲ್ಲಿ ಕೂತು, ಚಕ್ರ ಕಾಣುವಷ್ಟು ಹೊದಿಕೆ ಎತ್ತಿ, ಜಾಕ್ ಕೊಟ್ಟು, ಚಕ್ರ ಕಳಚಿದ. ನಟ್ ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗಿ ಅಣಕಿಸಿತು.

"ಬೋಲ್ಟಿನ ತುದೀಲಿ ಅಲೆನ್ ಕೀ ಹಾಕಿ ಹಿಡ್ಕೊಳ್ಳಿ ಸಾರ್," ಎಂದರು ಕೆಳಮನೆಯ ರೇವಣ್ಣ. ಆಮೇಲೆ ಕಾಫಿ ತಂದುಕೊಟ್ಟು, ಕುರ್ಚಿ ಹಾಕಿಕೊಂಡು ಅಲ್ಲೇ ಕೂತರು. "ಚೆನ್ನಾಗಿ ಬಿಗಿ ಮಾಡಿ. ಆ ಕಡೇದನ್ನೂ ಹಾಕಿಬಿಡ್ತೀರಲ್ಲ?"

"ಎರಡೂ ಒಟ್ಟಿಗೇ ಹಾಕ್ಬೇಕು. ಅದು ರೂಲ್ಸು," ಎಂದ ಪ್ರಹ್ಲಾದ, ಮೇಷ್ಟ್ರ ಹಾಗೆ.

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಭಾವ ಬಂದು, ಬಗ್ಗಿ ನೋಡಿ, ನಟ್‌ಗಳನ್ನು ಮುಟ್ಟಿ ನೋಡಿದ. "ಪರವಾಗಿಲ್ವೇ, ನೀಟಾಗಿ ಮಾಡಿದೀರಿ," ಎಂದು ಒಪ್ಪಿಕೊಂಡ.

ಪ್ರಹ್ಲಾದ ಹಿಗ್ಗಿನಿಂದ, ಕೀ ತಾ ಎಂದು ಹೆಂಡತಿಯನ್ನು ಕೂಗುವಷ್ಟರಲ್ಲಿ ರೇವಣ್ಣ ಎದ್ದು, ಹೊದಿಕೆ ಪೂರ್ತಿ ಎಳೆದು, ತಮ್ಮ ಜೇಬಿನ ಕೀಯಿಂದ ಕಾರಿನ ಬಾಗಿಲು ತೆಗೆದರು.

"ದೊಡ್ಡ ಉಪಕಾರವಾಯ್ತು ಸಾರ್. ನಿಮ್ಮ ಕಾರಿಗೆ ಯಾವಾಗ ಹಾಕ್ತೀರಿ?"